“ತುಕ್ಕೇ ಹಿಡಿಯಲ್ಲ” ಅಂದರೆ ಆ ಖುಕುರಿ ಕೊಳ್ಳಬೇಡಿ

ನಮ್ಮ ಕಡೆಯವರು ಕಾಠ್ಮಂಡುವಿಗೆ ಹೋದರೆ ತರುವ ಸಾಮಾನಿನ ಪಟ್ಟಿ ಹೆಚ್ಚುಕಮ್ಮಿ ಒಂದೇ. ರುದ್ರಾಕ್ಷಿ, ಸಾಲಿಗ್ರಾಮ, ಹೆಂಗಸರಿಗೆ ಶಾಲು, ಗಂಡಸರಿಗೆ ಒಂದು ಖುಕುರಿ, ಅಂದರೆ ಗೂರ್ಖಾಗಳ ಬಾಗಿದ ಕತ್ತಿ. ಆ ಕೊನೆಯದು ನಮ್ಮ ಮನೆಗೂ ಬಂತು. ಬಂದ ಹದಿನೈದು ದಿನಕ್ಕೆ ತಮ್ಮನ ಕಾಲಿಗೆ ಏಳು ಹೊಲಿಗೆ ಬಿತ್ತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಪಶುಪತಿನಾಥನ ದರ್ಶನ ಮುಗಿಸಿ ಠಮೇಲ್ ಬೀದಿಗೆ ಹೋಗಿದ್ದೆವು. ಅಂಗಡಿಯವನು ಒಳ್ಳೆಯ ಮಾತುಗಾರ. ಕರ್ನಾಟಕ ಅಂದ ಕೂಡಲೇ “ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ನಿಮ್ಮ ಕಡೆಯವರೇ ಅಲ್ಲವೇ” ಎಂದ. ಅದು ನಿಜವೇ. ಅಷ್ಟಕ್ಕೇ ನಾನು ಅರ್ಧ ಕರಗಿದ್ದೆ. ಕನ್ನಡಿಯಂತೆ ಹೊಳೆಯುವ ಅಲಗು, ಸಿಂಹದ ಮುಖದ ಹಿತ್ತಾಳೆ ಹಿಡಿ, ಅಲಗಿನ ಮೇಲೆ ಗೂರ್ಖಾ ಸೈನ್ಯದ ಮುದ್ರೆ. ಪೂರ್ತಿ ಕೈಕೆಲಸ, ಸೈನಿಕರಿಗೆ ಮಾಡಿಕೊಡುವವರೇ ಮಾಡಿದ್ದು ಎಂದ. ನಂತರ, ನಾನು ಕೇಳದೆಯೇ, “ಇದಕ್ಕೆ ಎಷ್ಟು ವರ್ಷವಾದರೂ ತುಕ್ಕೇ ಹಿಡಿಯಲ್ಲ” ಎಂದ.

ನಾನು ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವನು. ಮಳೆಗಾಲದಲ್ಲಿ ಒಂದು ರಾತ್ರಿ ಎಣ್ಣೆ ಹಚ್ಚದೆ ಬಿಟ್ಟರೆ ಬೆಳಗ್ಗೆ ಕತ್ತಿ ಕೆಂಪಾಗಿರುವುದನ್ನು ನೋಡಿದವನು. ಒಳ್ಳೆಯ ಕತ್ತಿಗೆ ತುಕ್ಕು ಹಿಡಿಯುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೂ ಆ ಮಾತು ಕೇಳಿ ಖುಷಿಪಟ್ಟು 8000 ನೇಪಾಳಿ ರೂಪಾಯಿ ಎಣಿಸಿ ಕೊಟ್ಟೆ. ನಮ್ಮ ನೂರಕ್ಕೆ ಅವರ 160ರ ಲೆಕ್ಕದಲ್ಲಿ 5000 ಆಯಿತು.

ಊರಿಗೆ ಬಂದ ಮೇಲೆ ತಮ್ಮ ಬೇಲಿಗೆ ಬಿದಿರು ಸವರುತ್ತಿದ್ದ. ಹೊಸ ಕತ್ತಿ ನೋಡೇಬಿಡೋಣ ಎಂದು ತಂದ. ನಾಲ್ಕೈದು ಏಟು ಸರಿಯಾಗಿಯೇ ಬಿತ್ತು. ಮುಂದಿನ ಏಟಿಗೆ ಹಿಡಿ ಅವನ ಕೈಯಲ್ಲೇ ಉಳಿಯಿತು, ಅಲಗು ಬಿದಿರಿಗೆ ಬಡಿದು ತಿರುಗಿ ಮೊಣಕಾಲಿನ ಕೆಳಗೆ ಬಂದು ಕೂತಿತು. ಮೂಳೆಗೆ ತಾಗಲಿಲ್ಲ. ಅಲಗು ಮೇಲಕ್ಕೆ ಹಾರಿದ್ದರೆ ಏನಾಗುತ್ತಿತ್ತೋ, ಅದನ್ನು ಯೋಚಿಸಲು ಈಗಲೂ ಮನಸ್ಸು ಒಪ್ಪುವುದಿಲ್ಲ.

ಮುರಿದದ್ದನ್ನು ಹಿಡಿದುಕೊಂಡು ನಮ್ಮೂರಿನ ಆಚಾರರ ಕುಲುಮೆಗೆ ಹೋದೆ. ಅವರು ಮೊದಲು ಹಿಡಿಯೊಳಗೆ ಹೋಗುವ ಅಲಗಿನ ಬಾಲ ನೋಡಿದರು. ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇರಲಿಲ್ಲ. ಅಷ್ಟು ಚೂರನ್ನು ಅಂಟು ಹಾಕಿ ಹಿತ್ತಾಳೆಯೊಳಗೆ ಸಿಕ್ಕಿಸಿದ್ದರು. ಆಮೇಲೆ ಅಲಗಿನ ಬೆನ್ನಿಗೂ ಬಾಯಿಗೂ ಅರ ಹಾಕಿ ಉಜ್ಜಿದರು. ಎರಡೂ ಕಡೆ ಅರ ಒಂದೇ ಸಮ ಕಚ್ಚಿತು. ಹದ ಕೊಟ್ಟ ಕತ್ತಿಯಾದರೆ ಬಾಯಿಯ ಮೇಲೆ ಅರ ಜಾರಬೇಕು. ಕೊನೆಗೆ ಸಾಣೆ ಯಂತ್ರಕ್ಕೆ ಹಿಡಿದರು. ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕಾಗಿದ್ದರೆ ಕಿಡಿ ಕವಲೊಡೆದು ಸುರುಸುರು ಬತ್ತಿಯಂತೆ ಚೆಲ್ಲುತ್ತದೆ. ಇದರದು ಗಿಡ್ಡ ಕಿಡಿ, ಅದೂ ಎಣಿಸುವಷ್ಟು.

“ಭಟ್ರೇ, ಇದು ಊಟದ ತಟ್ಟೆಯ ಸ್ಟೀಲು, ಅದಕ್ಕೇ ತುಕ್ಕು ಹಿಡಿಯಲ್ಲ” ಎಂದರು ಆಚಾರರು. “ತಗಡು ಕತ್ತರಿಸಿ, ಉಜ್ಜಿ, ಪಾಲಿಶ್ ಹೊಡೆದಿದ್ದಾರೆ. ಇದು ಸುತ್ತಿಗೆಯ ಮುಖ ನೋಡೇ ಇಲ್ಲ.”

ಇಷ್ಟಾದ ಮೇಲೆ ನಿಜವಾದ ಖುಕುರಿ ಹೇಗಿರುತ್ತದೆ ಎಂದು ತಿಳಿಯಲೇಬೇಕೆಂಬ ಹಟ ಹಿಡಿಯಿತು. ಬೆಂಗಳೂರಿನಲ್ಲಿ ನನ್ನ ಮಗಳಿರುವ ಅಪಾರ್ಟ್‌ಮೆಂಟಿನ ಕಾವಲುಗಾರ ಪೂರ್ವ ನೇಪಾಳದ ಭೋಜಪುರದವರು. ಖುಕುರಿಗೆ ಹೆಸರಾದ ಜಿಲ್ಲೆ ಅದು. ಎಲ್ಲರೂ ಅವರನ್ನು ‘ದಾಯಿ’ ಎನ್ನುತ್ತಾರೆ, ಅಣ್ಣ ಅಂತ ಅರ್ಥ. ಫೋನಿನಲ್ಲಿ ಚಿತ್ರ ತೋರಿಸಿದೆ. ಸಿಂಹದ ಮುಖ ನೋಡಿದ್ದೇ ನಕ್ಕುಬಿಟ್ಟರು. ಅವರ ಮನೆಯ ಖುಕುರಿಗೆ ಎಮ್ಮೆ ಕೊಂಬಿನ ಹಿಡಿಯಂತೆ, ಅದರ ಮೇಲೆ ಚಿತ್ತಾರವೂ ಇಲ್ಲ, ಮುದ್ರೆಯೂ ಇಲ್ಲ.

ಅವರು ಹೇಳಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ನೀರು ಕೊಡುವ ಬಗೆ. ಹಳೆಯ ಗಾಡಿಗಳ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಇಬ್ಬರು ಮೂವರು ಸರದಿಯಲ್ಲಿ ಬಡಿದು ಆಕಾರಕ್ಕೆ ತರುತ್ತಾರೆ. ಅಲಗನ್ನು ಕೆಂಡದಂತೆ ಕಾಯಿಸಿದ ಮೇಲೆ ಪೂರ್ತಿ ನೀರಿನಲ್ಲಿ ಮುಳುಗಿಸುವುದಿಲ್ಲ. ಚಹಾ ಕೆಟಲಿನ ಮೂತಿಯಿಂದ ಬಾಯಿಯ ಉದ್ದಕ್ಕೂ, ಅದರಲ್ಲೂ ಏಟು ಬೀಳುವ ಹೊಟ್ಟೆಯ ಭಾಗಕ್ಕೆ, ಸಣ್ಣಗೆ ನೀರು ಸುರಿಯುತ್ತಾರೆ. ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೆ ಉಳಿದು ಏಟನ್ನು ತಾಳಿಕೊಳ್ಳುತ್ತದೆ. ಆಚಾರರಿಗೆ ಇದನ್ನು ಹೇಳಿದಾಗ “ಮತ್ತೆ? ನಾವೂ ಬಾಯಿಗಷ್ಟೇ ನೀರು ಹಿಡಿಸೋದು” ಎಂದರು, ನಾನೇನೋ ಹೊಸದು ಹೇಳಿದೆ ಅನ್ನಿಸಲೇ ಇಲ್ಲ ಅವರಿಗೆ. ನೇಪಾಳದಲ್ಲಿ ಈ ಕೆಲಸದವರು ಕಾಮಿಗಳು, ಹಲವರು ಹೆಸರಿನ ಮುಂದೆ ವಿಶ್ವಕರ್ಮ ಎಂದೇ ಬರೆದುಕೊಳ್ಳುತ್ತಾರೆ. ನಮ್ಮ ಆಚಾರರೂ ವಿಶ್ವಕರ್ಮರೇ. ಆದರೆ ಅಲ್ಲಿ ಅವರನ್ನು ಮುಟ್ಟಿಸಿಕೊಳ್ಳದ ಜಾತಿ ಎಂದು ದೂರ ಇಟ್ಟಿದ್ದರು. ಅವರು ಬಡಿದ ಕತ್ತಿ ಮಾತ್ರ ಎಲ್ಲರ ಸೊಂಟದಲ್ಲಿ.

ಕೊಳ್ಳಲೇಬೇಕೆಂದಿದ್ದರೆ ಮೊದಲು ಹಿಡಿ ನೋಡಿ. ಪನವಾಲ್ ಎನ್ನುವ ಬಗೆಯಲ್ಲಿ ಅಲಗಿನ ಕಬ್ಬಿಣ ಹಿಡಿಯ ಕೊನೆಯವರೆಗೂ ಬಂದಿರುತ್ತದೆ, ಎರಡೂ ಪಕ್ಕ ಮರವೋ ಕೊಂಬೋ ಕೂರಿಸಿ ರಿವೆಟ್ ಹೊಡೆದಿರುತ್ತಾರೆ. ಅಂಚಿನಲ್ಲಿ ಕಬ್ಬಿಣ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಇಲಿಬಾಲದಂಥ ಸರಳು ಹಿಡಿಯ ಒಳಗೆ ಸಾಗಿ, ಲಾಹಾ ಎಂಬ ಅಂಟಿನಲ್ಲಿ ಕೂತು, ಹಿಡಿಯ ತುದಿಯಲ್ಲಿ ತಲೆ ಹೊರಹಾಕಿರುತ್ತದೆ. ಆ ತಲೆಯನ್ನು ಬಡಿದು ಚಪ್ಪಟೆ ಮಾಡಿರುತ್ತಾರೆ. ಎರಡೂ ಕಾಣದಿದ್ದರೆ, ಹಿಡಿ ಪೂರ್ತಿ ಹಿತ್ತಾಳೆಯ ಗೊಂಬೆಯಾಗಿದ್ದರೆ, ಗೋಡೆಗೆ ನೇತುಹಾಕಲು ಮಾತ್ರ ಕೊಳ್ಳಿ. ಅಲಗಿನ ಬೆನ್ನನ್ನು ಮೇಲಿನಿಂದ ನೋಡಿ. ಬಡಿದು ಮಾಡಿದ್ದು ಹಿಡಿಯ ಹತ್ತಿರ ದಪ್ಪ, ತುದಿಗೆ ಹೋಗುತ್ತಾ ತೆಳು. ತಗಡು ಕತ್ತರಿಸಿದ್ದು ಹೆಚ್ಚುಕಮ್ಮಿ ಉದ್ದಕ್ಕೂ ಒಂದೇ ದಪ್ಪ. ಒರೆಯ ಜೊತೆ ಎರಡು ಪುಟ್ಟ ಅಲಗು ಬರುತ್ತವೆ: ಕರ್ದ ಎನ್ನುವುದು ಸಣ್ಣ ಚಾಕು, ಚಕ್ಮಕ್ ಎನ್ನುವುದು ಮೊಂಡು, ಬಾಯಿ ತೀಡಲಿಕ್ಕೆ. ನನ್ನ ಚಕ್ಮಕ್ ಬೆರಳಲ್ಲೇ ಬಾಗಿತು.

ಕಾರ್ಖಾನೆಯದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ಭಾರತದಲ್ಲಿ ಒಂದೇ ಅಳತೆಯ ಖುಕುರಿಗಳನ್ನು ರಾಶಿ ರಾಶಿ ಮಾಡಿದ್ದರು, ಅವು ಕೆಲಸಕ್ಕೆ ಬಂದವು. ಸರಿಯಾದ ಉಕ್ಕು ಹಾಕಿ, ಯಂತ್ರದಲ್ಲಿ ಅಳೆದು ಕಾಯಿಸಿದ ಇಂದಿನ ಕತ್ತಿಯಲ್ಲಿ ಹದ ಎಲ್ಲ ತುಣುಕಿಗೂ ಒಂದೇ ಸಮ ಇರುತ್ತದೆ. ಕೈಕೆಲಸದಲ್ಲಿ ಅದು ಕೆಟಲು ಹಿಡಿದವನ ಕಣ್ಣಿನ ಮೇಲೆ. ಒಂದು ಚೆನ್ನಾಗಿ ಬರುತ್ತದೆ, ಮತ್ತೊಂದರ ಬಾಯಿ ಚಕ್ಕೆ ಏಳುತ್ತದೆ. ನನ್ನ ತಕರಾರು ಕಾರ್ಖಾನೆಯ ಅಲಂಕಾರದ ಸಾಮಾನನ್ನು ಕುಲುಮೆಯ ಹೆಸರು ಹೇಳಿ ಮಾರಿದ್ದರ ಬಗ್ಗೆ. ಇದು ಗೋಡೆಗೆ ಎಂದು ಹೇಳಿದ್ದರೆ ತಮ್ಮ ಅದನ್ನು ಬಿದಿರಿಗೆ ಒಯ್ಯುತ್ತಿರಲಿಲ್ಲ.

ಅಸಲಿ ಸಿಕ್ಕಿತು ಎಂದು ಹಿಗ್ಗುವವರಿಗೂ ಒಂದು ಮಾತು. ಒರೆಯಿಂದ ತೆಗೆಯುವಾಗ ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬೇಡಿ. ಚೂಪಾದ ಬಾಯಿ ಒರೆಯ ಮರದ ಜೋಡಣೆ ಸೀಳಿ ಹೊರಬಂದರೆ ಮೊದಲು ಸಿಗುವುದು ನಿಮ್ಮ ಬೆರಳು. ಬಾಯಿಯ ಕಡೆ ಬೆರಳು ಬಾರದಂತೆ, ಬೆನ್ನಿನ ಕಡೆಯಿಂದ ಹಿಡಿಯಬೇಕು. ಒಮ್ಮೆ ಒರೆಯಿಂದ ತೆಗೆದರೆ ರಕ್ತ ತೋರಿಸದೆ ಒಳಗಿಡಬಾರದು ಎನ್ನುವುದು ಪ್ರವಾಸಿಗರಿಗೆ ಹೇಳುವ ಕತೆ. ದಾಯಿಯ ತಾಯಿ ಅದರಲ್ಲೇ ಸೌದೆ ಸಿಗಿಯುತ್ತಾರಂತೆ, ಮಾಂಸ ಹೆಚ್ಚುತ್ತಾರಂತೆ.

ತಮ್ಮ ಈಗ ಓಡಾಡುತ್ತಿದ್ದಾನೆ. ಕೊಂಡ ಅಂಗಡಿಗೆ ಚಿತ್ರ ಕಳಿಸಿ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ದಾಯಿ ದಸರೆಗೆ ಊರಿಗೆ ಹೋಗುತ್ತಾರೆ. ನಮ್ಮ ಆಯುಧಪೂಜೆಯ ಹೊತ್ತಿಗೇ ಅವರಿಗೆ ದಶೈಂ ಹಬ್ಬ. ಅವರ ಹಳ್ಳಿಯ ಕಾಮಿಯ ಹತ್ತಿರ ನನಗೊಂದು ಮಾಡಿಸಿಕೊಡಿ ಎಂದು ಕೇಳಿದೆ. ಪನವಾಲ್ ಹಿಡಿ ಇರಲಿ, ಹೊಳಪು ಬೇಡ ಎಂದೆ. ಒಪ್ಪಿದರು. ಆಮೇಲೆ ಸ್ವಲ್ಪ ಹಿಂಜರಿದು, “ಸರ್, ಅದಕ್ಕೆ ತುಕ್ಕು ಹಿಡಿಯುತ್ತೆ. ಆಗಾಗ ಎಣ್ಣೆ ಹಚ್ಚುತ್ತಾ ಇರಬೇಕಾಗುತ್ತೆ” ಎಂದರು.

ಹಿಡಿಯಲಿ ಬಿಡಿ ದಾಯಿ ಎಂದೆ.