ಗಡಸು ಟೂಲ್ ಸ್ಟೀಲ್ ಗೇರ್‌ಗಳಿಗೆ ಸಿಬಿಎನ್ ಚಕ್ರ: ವರ್ಷಗಳ ಬಳಕೆಯ ನಂತರ

ಡಿ2 ಉಕ್ಕಿನ ಸ್ಪ್ಲೈನ್ (ಸುತ್ತಲೂ ಉದ್ದುದ್ದ ಹಲ್ಲಿರುವ) ಪಂಚ್‌ಗಳು, ಎಂ2 ಉಕ್ಕಿನ ಶೇಪಿಂಗ್ ಕಟರ್‌ಗಳು (ಗೇರ್ ಹಲ್ಲು ಕೊರೆಯುವ ಉಪಕರಣಗಳು), ಸಣ್ಣ ಪಂಪ್ ಗೇರ್‌ಗಳು: ನಮ್ಮ ಟೂಲ್ ರೂಮಿನಲ್ಲಿ ಸಾಣೆಗೆ ಬರುವುದು ಇಂಥವೇ. ಎಲ್ಲವೂ 60 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಮಾಪಕ) ಆಸುಪಾಸಿನ ಗಡಸುತನದವು. ಇವುಗಳ ಹಲ್ಲುಗಳಿಗೆ ಅಂತಿಮ ರೂಪ ಕೊಡಲು ನಾನು ವರ್ಷಗಳಿಂದ ಬಳಸುತ್ತಿರುವುದು ನಿಕ್ಕಲ್ ಲೇಪನದಲ್ಲಿ ಒಂದೇ ಪದರ ಕಣಗಳನ್ನು ಕೂರಿಸಿದ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಪ್ರೊಫೈಲ್ ಚಕ್ರ, ಅಂದರೆ ಹಲ್ಲಿನ ಸಂದಿನ ರೂಪವೇ ಅಂಚಿನಲ್ಲಿರುವ ಸಾಣೆ ಚಕ್ರ. ಅದಕ್ಕೂ ಮೊದಲು ಬಿಳಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಚಕ್ರಗಳಿದ್ದವು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ರೂಪದ ಹಲ್ಲು ಮತ್ತೆ ಮತ್ತೆ ಬರುವ ಕೆಲಸಕ್ಕೆ ಇದಕ್ಕೆ ಸಾಟಿಯಿಲ್ಲ. ಬಿಡಿಯಾಗಿ ಒಂದೆರಡು ಭಾಗ ಮಾಡುವವರು ಇದನ್ನು ಕೊಳ್ಳಬಾರದು.

ಟೂಲ್ ಸ್ಟೀಲ್ ಅಲ್ಯೂಮಿನಾ ಚಕ್ರವನ್ನು ದಣಿಸುವುದು ತನ್ನೊಳಗಿನ ಕಾರ್ಬೈಡ್‌ಗಳಿಂದ, ಅಂದರೆ ಇಂಗಾಲ ಲೋಹದೊಂದಿಗೆ ಸೇರಿ ಆದ ಗಡಸು ಕಣಗಳಿಂದ. ಡಿ2ರಲ್ಲಿ ಸುಮಾರು ಶೇ 1.5 ಇಂಗಾಲ, ಶೇ 12 ಕ್ರೋಮಿಯಂ ಇರುವುದರಿಂದ ದೊಡ್ಡ ದೊಡ್ಡ ಕ್ರೋಮಿಯಂ ಕಾರ್ಬೈಡ್‌ಗಳು ತುಂಬಿರುತ್ತವೆ. ಎಂ2ರಲ್ಲಿ ಸುಮಾರು ಶೇ 2ರಷ್ಟು ವನಾಡಿಯಂ ಇದೆ. ಅದರ ಕಾರ್ಬೈಡ್ ಅಲ್ಯೂಮಿನಾಕ್ಕಿಂತಲೂ ಗಡಸು. ಹೀಗಾಗಿ ಚಕ್ರದ ಕಣ ಬೇಗ ಮೊಂಡಾಗುತ್ತದೆ. ಮೊಂಡಾದ ಕಣ ಕತ್ತರಿಸುವುದನ್ನು ಬಿಟ್ಟು ಉಜ್ಜುತ್ತದೆ, ಉಜ್ಜಿದ್ದೆಲ್ಲ ಶಾಖವಾಗಿ ಹಲ್ಲಿನೊಳಗೆ ಇಳಿಯುತ್ತದೆ. ವಜ್ರ ಇನ್ನೂ ಗಡಸಾಗಿದ್ದರೂ ಬಿಸಿ ಕಬ್ಬಿಣ ಅದರ ಇಂಗಾಲವನ್ನು ಕರಗಿಸಿಕೊಳ್ಳುವುದರಿಂದ ಉಕ್ಕಿನ ಮೇಲೆ ಅದು ಬಾಳುವುದಿಲ್ಲ. ಸಿಬಿಎನ್‌ಗೆ ಆ ತೊಂದರೆಯಿಲ್ಲ. ಅಲ್ಯೂಮಿನಾದ ಎರಡು ಪಟ್ಟಿನಷ್ಟು ಗಡಸುತನ ಒಂದು ಕಡೆ, ಶಾಖವನ್ನು ತಾನೇ ಎಳೆದುಕೊಂಡು ಚಕ್ರದ ಲೋಹದ ಒಡಲಿಗೆ ಸಾಗಿಸುವ ಗುಣ ಇನ್ನೊಂದು ಕಡೆ.

ಮಾರಾಟಗಾರರು ಈ ಚಕ್ರದ ಬಾಳಿಕೆಯನ್ನೇ ಹೊಗಳುತ್ತಾರೆ. ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು ಅದು ತಣ್ಣಗೆ ಕತ್ತರಿಸುವ ರೀತಿ. ಸಾಣೆಯ ಸುಡುವಿಕೆ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಹೊಳೆಯುವ ಹಲ್ಲಿನ ಕೆಳಗೆ ಮೆತ್ತಗಾದ ಪದರ ಅಡಗಿರಬಹುದು. ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್‌ನಲ್ಲಿ ಅದ್ದಿದಾಗ ಮೆತ್ತಗಾದ ಜಾಗ ಕಪ್ಪಾಗುತ್ತದೆ. ಮತ್ತೆ ಗಡಸಾಗುವಷ್ಟು ಬಿಸಿಯಾಗಿದ್ದರೆ ಕಪ್ಪು ಅಂಚಿನ ಬಿಳಿ ಮಚ್ಚೆ ಕಾಣುತ್ತದೆ. ಆ ಬಿಳಿ ಮಚ್ಚೆಯಿರುವ ಪಂಚ್ ಪ್ರೆಸ್ಸಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಅಲ್ಯೂಮಿನಾ ಕಾಲದಲ್ಲಿ ಈ ಪರೀಕ್ಷೆಯ ಫಲಿತಾಂಶಕ್ಕೆ ನಾವು ಎದೆ ಗಟ್ಟಿ ಮಾಡಿಕೊಂಡು ಕಾಯುತ್ತಿದ್ದೆವು. ಈಗ ಹಲ್ಲುಗಳು ಒಂದೇ ಸಮನಾದ ಬೂದು ಬಣ್ಣದಲ್ಲಿ ಹೊರಬರುತ್ತವೆ.

ಇಲ್ಲಿ ಉಕ್ಕಿಗೆ ಶಾಖೋಪಚಾರ ಮಾಡುವವರೊಂದಿಗೆ (ಅದನ್ನು ಕಾಯಿಸಿ ಗಡಸು ಮಾಡುವವರು) ಮಾತಾಡುವುದೂ ಮುಖ್ಯ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದ ಮಾಡಿದ (ಗಡಸಾದ ಮೇಲೆ ಮತ್ತೆ ಕಾಯಿಸಿ ಬಿರುಸು ತಗ್ಗಿಸಿದ) ಡಿ2, ಸಾಣೆಯಲ್ಲಿ ಅದಕ್ಕಿಂತ ಹೆಚ್ಚು ಬಿಸಿಯಾದರೆ ಮೆತ್ತಗಾಗತೊಡಗುತ್ತದೆ. 500 ಡಿಗ್ರಿಗೂ ಮೇಲೆ ಎರಡು ಸಲ ಹದ ಮಾಡಿದ್ದಕ್ಕೆ ಸಹನೆ ಹೆಚ್ಚು. ಅದರಲ್ಲಿ ಗಡಸಾಗದೆ ಉಳಿದುಕೊಳ್ಳುವ ಆಸ್ಟೆನೈಟ್ ಎಂಬ ಮೆತ್ತನೆಯ ಅಂಶ ಕೂಡ ಕಡಿಮೆ. ಕೆಲಸಕ್ಕೆ ಹೊಂದುವ ಕಡೆಯೆಲ್ಲ ನಾನು ಎರಡನೆಯದನ್ನೇ ಕೇಳುತ್ತೇನೆ. ಯಾವ ಚಕ್ರ ಹಾಕಿದರೂ ಇದರ ಲಾಭ ಸಿಗುತ್ತದೆ.

ನಿಖರತೆಯಲ್ಲಿ ಬಂದ ಬದಲಾವಣೆ ಮಾಪನದ ಹಾಳೆಯಲ್ಲಿ ಸ್ಪಷ್ಟವಾಗಿದೆ. ಒಂದೊಂದೇ ಹಲ್ಲಿನ ಸಂದನ್ನು ಸರದಿಯಂತೆ ಸಾಣೆ ಹಿಡಿಯುವ ವಿಧಾನದಲ್ಲಿ, ಸವೆಯುವ ಚಕ್ರವಿದ್ದರೆ ಮೊದಲ ಹಲ್ಲು ಮತ್ತು ಕೊನೆಯ ಹಲ್ಲು ಪಕ್ಕಪಕ್ಕ ಬಂದಾಗ ಅಲ್ಲೊಂದು ಮೆಟ್ಟಿಲು ಕಾಣುತ್ತದೆ. ನಡುನಡುವೆ ಡ್ರೆಸ್ಸಿಂಗ್ ಮಾಡಿ (ಚಕ್ರದ ಮೈ ಕೆರೆದು ರೂಪ ಸರಿಪಡಿಸಿ) ಅದನ್ನು ತಗ್ಗಿಸಬೇಕಾಗುತ್ತಿತ್ತು. ಸಿಬಿಎನ್ ಬಂದ ಮೇಲೆ ಆ ಮೆಟ್ಟಿಲು ನಮ್ಮ ಮಾಪನದಲ್ಲಿ ಗುರುತಿಗೆ ಸಿಗುವುದಿಲ್ಲ. ಗೇರ್ ನಿಖರತೆಯ ಮಾನದಂಡವಾದ ಐಎಸ್‌ಒ 1328ರ 5ನೇ ದರ್ಜೆಗೆ ಈಗ ಹೆಣಗಾಡಬೇಕಿಲ್ಲ.

ಹೊಸ ಚಕ್ರದ ನಡವಳಿಕೆ ತಿಳಿದಿರಬೇಕು. ಎತ್ತರದಲ್ಲಿರುವ ಕೆಲವು ಕಣಗಳು ಆರಂಭದ ಗೇರ್‌ಗಳ ಮೇಲೆ ಗೀರು ಬಿಡುತ್ತವೆ. ಚಕ್ರವನ್ನು ಮೊದಲು ಮುಖ್ಯವಲ್ಲದ ಭಾಗಗಳ ಮೇಲೆ ಪಳಗಿಸಿ. ಆಮೇಲೆ ದೀರ್ಘಕಾಲ ಮೈ ಹದವಾಗಿ ಬರುತ್ತದೆ. ಕಡೆಯ ದಿನಗಳಲ್ಲಿ ಹೊಳಪು ಇನ್ನೂ ಹೆಚ್ಚುತ್ತದೆ, ಆದರೆ ಅದು ಕಣಗಳು ಚಪ್ಪಟೆಯಾದ ಗುರುತು. ಆಗ ಹೊಳಪನ್ನು ನಂಬದೆ ಸ್ಪಿಂಡಲ್‌ನ (ಚಕ್ರ ಸುತ್ತಿಸುವ ದಂಡದ) ಹೊರೆಯನ್ನು ನೋಡಿ. ಅದು ಏರತೊಡಗಿದರೆ ಚಕ್ರ ಇಳಿಸುವ ಸಮಯ ಬಂದಿದೆ. ಇದನ್ನು ಡ್ರೆಸ್ ಮಾಡಿ ಹರಿತಗೊಳಿಸಲು ಬರುವುದಿಲ್ಲವಾದ್ದರಿಂದ ಕೂರಿಸುವಾಗಲೇ ಸುತ್ತುವ ಚಕ್ರದ ಅಲುಗಾಟ 5 ಮೈಕ್ರಾನ್ ಒಳಗಿರಬೇಕು. ಇಲ್ಲದಿದ್ದರೆ ಚಕ್ರದ ಒಂದು ಭಾಗವಷ್ಟೇ ದುಡಿಯುತ್ತದೆ.

ಎಣ್ಣೆಯ ವಿಷಯದಲ್ಲಿ ರಾಜಿ ಬೇಡ. ಹೆಚ್ಚಿನ ಶಾಖದಲ್ಲಿ ಸಿಬಿಎನ್ ನೀರಿನ ಆವಿಯೊಂದಿಗೆ ವರ್ತಿಸಿ ಕ್ಷಯಿಸುತ್ತದೆ; ಶುದ್ಧ ಸಾಣೆ ಎಣ್ಣೆಯಲ್ಲಿ ಬಾಳುತ್ತದೆ. ಎಣ್ಣೆಯ ಧಾರೆಯ ವೇಗ ಚಕ್ರದ ಅಂಚಿನ ವೇಗಕ್ಕೆ ಹತ್ತಿರವಿರಬೇಕು, ಇಲ್ಲವಾದರೆ ಚಕ್ರದೊಂದಿಗೆ ಸುತ್ತುವ ಗಾಳಿಯ ಪದರವೇ ಅದನ್ನು ತಳ್ಳಿಹಾಕುತ್ತದೆ. ಸೆಕೆಂಡಿಗೆ 35 ಮೀಟರ್ ವೇಗಕ್ಕೇ ನಳಿಕೆಯಲ್ಲಿ 5 ಬಾರ್‌ಗೂ ಹೆಚ್ಚು ಒತ್ತಡ ಬೇಕು. ನಳಿಕೆ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಈ ಚಕ್ರವೂ ಸುಡುತ್ತದೆ. ಎಣ್ಣೆಯ ಮಂಜನ್ನು ಹೀರುವ ಮತ್ತು ಬೆಂಕಿ ನಂದಿಸುವ ವ್ಯವಸ್ಥೆ ಇಲ್ಲದ ಯಂತ್ರದಲ್ಲಿ ಇದನ್ನು ಓಡಿಸಲೇಬೇಡಿ.

ದೊಡ್ಡ ಕೊರತೆಯೆಂದರೆ ರೂಪ ಚಕ್ರದಲ್ಲೇ ಬಂಧಿಯಾಗಿರುವುದು. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) ಅಥವಾ ಹಲ್ಲಿನ ಸಂಖ್ಯೆ ಬದಲಾದರೆ ಬೇರೆ ಚಕ್ರ. ವಿನ್ಯಾಸಕಾರರು ಹಲ್ಲಿನ ತುದಿಯ ಸಡಿಲಿಕೆಯನ್ನು (ತುದಿಯಲ್ಲಿ ಬೇಕೆಂದೇ ತೆಳುವಾಗಿಸುವ ಅಳತೆ) ಕೆಲವೇ ಮೈಕ್ರಾನ್ ತಿದ್ದಿದರೂ ಹೊಸದಕ್ಕೆ ಕಾಯಬೇಕು. ಸವೆದದ್ದಕ್ಕೆ ಮರುಲೇಪನ ಮಾಡಿಸಬಹುದು, ಆದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ. ನಮಗೆ ಮರಳಿ ಬಂದ ಒಂದು ಚಕ್ರದಲ್ಲಿ ಹಳೆಯ ನಿಕ್ಕಲ್ ಪೂರ್ತಿ ಹೋಗದೆ ಪ್ರೊಫೈಲ್ ಒಂದು ಬದಿಯಲ್ಲಿ ಉಬ್ಬಿತ್ತು. ಪರೀಕ್ಷಾ ಗೇರ್ ಅಳೆದದ್ದರಿಂದ ತಿಳಿಯಿತು.

ಚಕ್ರದ ಮೂಲೆಗಳು ಮೊದಲು ಸವೆಯುತ್ತವೆ, ಅಂದರೆ ಹಲ್ಲಿನ ಬುಡದಲ್ಲಿ ಮೊದಲು ತೊಂದರೆ. ಹಾಬಿಂಗ್ ಮಾಡುವಾಗಲೇ, ಅಂದರೆ ಗಡಸು ಮಾಡುವ ಮೊದಲು ಹಲ್ಲು ಕೊರೆಯುವಾಗಲೇ, ಬುಡದಲ್ಲಿ ಒಳಕೊರೆತ ಬಿಟ್ಟರೆ ಚಕ್ರ ಅಲ್ಲಿಗೆ ಇಳಿಯಬೇಕಿಲ್ಲ, ಬಿರುಕು ಹುಟ್ಟಿಸುವ ಮೆಟ್ಟಿಲೂ ಉಳಿಯುವುದಿಲ್ಲ.

ರೂಪಗಳು ಆಗಾಗ ಬದಲಾಗುವವರಿಗೆ ಡ್ರೆಸ್ ಮಾಡಬಹುದಾದ ವಿಟ್ರಿಫೈಡ್ (ಗಾಜಿನಂಥ ಬಂಧಕದಲ್ಲಿ ಕಣ ಕೂರಿಸಿದ) ಸಿಬಿಎನ್ ನಡುದಾರಿ, ಆದರೆ ಅದಕ್ಕೆ ಸುತ್ತುವ ವಜ್ರದ ಡ್ರೆಸ್ಸರ್ ಇರುವ ಯಂತ್ರ ಬೇಕು. ಬಿಡಿ ಭಾಗಗಳಿಗೆ ಸೆರಾಮಿಕ್ ಅಲ್ಯೂಮಿನಾ ಚಕ್ರವೇ ಸಾಕು. ನಾವೂ ಅವಕ್ಕೆ ಅದನ್ನೇ ಹಾಕುತ್ತೇವೆ. ಲೇಪಿತ ಸಿಬಿಎನ್‌ಗೇ ಹೋಗುವುದಾದರೆ ಮತ್ತು ಎರಡು ಚಕ್ರ ಕೊಳ್ಳಲು ಸಾಧ್ಯವಿದ್ದರೆ, ಒರಟು ಕೆಲಸಕ್ಕೆ ಬಿ126 (ದಪ್ಪ), ಕೊನೆಯ ಸುತ್ತಿಗೆ ಬಿ64 (ಸಣ್ಣ) ಗಾತ್ರದ ಕಣ ಕೇಳಿ. ಒಂದೇ ಚಕ್ರದಲ್ಲಿ ಎರಡನ್ನೂ ಮಾಡಹೊರಟರೆ ವೇಗ ಮತ್ತು ನುಣುಪು ಎರಡರಲ್ಲೂ ಅರ್ಧಂಬರ್ಧ ಫಲವೇ ಸಿಗುತ್ತದೆ.