ಟೆಕ್ಸಾಸ್‌ನಲ್ಲಿ ಹೊಸ ಮನೆ ಕೊಳ್ಳುವವರೇ, ಮೊದಲ ವರ್ಷದ ತೆರಿಗೆಯನ್ನು ನಂಬಬೇಡಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ದಿನವಿಡೀ ಲೆಕ್ಕಗಳ ನಡುವೆ ಕೆಲಸ ಮಾಡುವ ನಾನು ಸ್ವಂತ ಮನೆಯ ಲೆಕ್ಕದಲ್ಲೇ ಮೋಸಹೋದೆ. ಮನೆಯಿಂದಲೇ ಕೆಲಸ ಮಾಡಲು ಕಂಪನಿಯು ಅನುಮತಿ ಕೊಟ್ಟಿದ್ದರಿಂದ, 2023ರ ಜೂನ್‌ನಲ್ಲಿ ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಬಾಡಿಗೆ ಮನೆ ಬಿಟ್ಟು, ಆಸ್ಟಿನ್‌ನ ಉತ್ತರಕ್ಕಿರುವ ಲಿಯಾಂಡರ್‌ನಲ್ಲಿ 4,80,000 ಡಾಲರಿಗೆ ಹೊಸ ಮನೆ ಕೊಂಡೆವು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವಾದ್ದರಿಂದ ವರ್ಷಕ್ಕೆ ಸುಮಾರು 9,000 ಡಾಲರ್ ಉಳಿಯುವುದೆಂದು ಎಣಿಸಿದ್ದೆವು.

ಮನೆ ತೋರಿಸಿದ ಏಜೆಂಟ್ ಕನ್ನಡದವರು. ದಾವಣಗೆರೆ ಕಡೆಯವರೆಂದು ತಿಳಿದು ನನ್ನ ಹೆಂಡತಿ ಅವರಿಗೆ ಮಂಡಕ್ಕಿ ಒಗ್ಗರಣೆ ಮಾಡಿ ಬಡಿಸಿದ್ದಳು. (ಆ ಮಂಡಕ್ಕಿಯ ನೆನಪು ಈಗಲೂ ಹೊಟ್ಟೆ ಉರಿಸುತ್ತದೆ.) ಆಸ್ತಿ ತೆರಿಗೆ ಎಷ್ಟಾಗುತ್ತದೆಂದು ನಾನು ಕೇಳಿದ್ದೆ; ಒಮ್ಮೆಯಲ್ಲ, ಎರಡು ಸಲ ಕೇಳಿದ್ದೆ. "ತಿಂಗಳಿಗೆ ಇನ್ನೂರು ಡಾಲರ್ ಸರ್, ಸಾಲದ ಕಾಗದದಲ್ಲೇ ಇದೆ ನೋಡಿ" ಎಂದರು. ಕಾಗದದಲ್ಲಿ 195 ಎಂದೇ ಇತ್ತು. ಆ ಅಂಕಿ ಸುಳ್ಳಾಗಿರಲಿಲ್ಲ, ನಾನು ಬಿದ್ದದ್ದೂ ಅಲ್ಲಿಯೇ. ಟೆಕ್ಸಾಸ್‌ನಲ್ಲಿ ಜನವರಿ 1ರಂದು ಆಸ್ತಿ ಯಾವ ಸ್ಥಿತಿಯಲ್ಲಿದೆಯೋ ಅದಕ್ಕೆ ಆ ವರ್ಷದ ತೆರಿಗೆ ಹಾಕುತ್ತಾರೆ. 2023ರ ಜನವರಿ 1ರಂದು ನಮ್ಮದು 90,000 ಡಾಲರಿನ ಬರೀ ನಿವೇಶನವಾಗಿತ್ತು.

2025ರ ಜನವರಿಯಲ್ಲಿ ಸಾಲ ಕೊಟ್ಟ ಸಂಸ್ಥೆಯಿಂದ ಪತ್ರ ಬಂತು. 2024ರ ತೆರಿಗೆಯು, ಮಾಲೀಕರೇ ವಾಸಿಸುವ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ ಕಳೆದ ಮೇಲೂ 11,400 ಡಾಲರ್ ಆಗಿದೆ, ತಿಂಗಳ ಕಂತಿನ ಜೊತೆಗೆ ತೆರಿಗೆ ಹಣ ಕೂಡಿಡುವ ಎಸ್ಕ್ರೋ ಖಾತೆಯಲ್ಲಿ 9,000 ಕೊರತೆ ಬಿದ್ದಿದೆ, ಹಳೆಯ ಕೊರತೆ ಮತ್ತು ಹೊಸ ತೆರಿಗೆ ಎರಡೂ ಸೇರಿ ಇನ್ನು ಮುಂದೆ ತಿಂಗಳ ಕಂತು ಸುಮಾರು 1,500 ಡಾಲರ್ ಹೆಚ್ಚುತ್ತದೆ ಎಂದಿತ್ತು. ಬೇರೆ ಯಾರದೋ ಪತ್ರ ನಮಗೆ ಬಂದಿರಬೇಕೆಂದು ಮೂರು ಸಲ ವಿಳಾಸ ನೋಡಿದೆ. ನಮ್ಮದೇ.

ಏಜೆಂಟರಿಗೆ ಫೋನ್ ಮಾಡಿದೆ. "ಅದು ಕೌಂಟಿಯವರ ವಿಷಯ ಸರ್, ನಮಗೆ ಸಂಬಂಧವಿಲ್ಲ" ಎಂದರು. ಮೊದಲೇ ಗೊತ್ತಿರಲಿಲ್ಲವೇ ಎಂದರೆ, "ನೀವು ಮೊದಲ ವರ್ಷದ್ದು ಕೇಳುತ್ತಿದ್ದೀರಿ ಅಂದುಕೊಂಡೆ." ಮೊದಲ ವರ್ಷ ಎಂಬ ಮಾತು ನನ್ನ ಬಾಯಿಂದ ಬಂದೇ ಇರಲಿಲ್ಲ! ನಮ್ಮ ಒಟ್ಟು ಆಸ್ತಿ ತೆರಿಗೆ ದರ ಶೇ 2.6, ಅದರಲ್ಲಿ 0.9ರಷ್ಟು 'ಮಡ್' ಎಂಬ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್‌ನದು. ಬಡಾವಣೆಗೆ ನೀರು, ಒಳಚರಂಡಿ ಹಾಕಲು ಎತ್ತಿದ ಬಾಂಡುಗಳ ಸಾಲವನ್ನು ನಿವಾಸಿಗಳೇ ತೀರಿಸುವ ವ್ಯವಸ್ಥೆ ಅದು. ಹೆಸರಿಗೆ ತಕ್ಕ ಕೆಸರು. ಅದನ್ನೇಕೆ ಹೇಳಲಿಲ್ಲವೆಂದು ಕೇಳಿದಾಗ, "'ಮಡ್' ಬಗ್ಗೆ ಕೊಟ್ಟ ನೋಟಿಸಿಗೆ ನೀವೇ ಸಹಿ ಹಾಕಿದ್ದೀರಲ್ಲ ಸರ್" ಎಂದರು. ಹೌದು, ಹಾಕಿದ್ದೆ. ಕಾಗದದ ಕಟ್ಟಿನ ನಡುವೆ, ಓದದೆ, ಅವರು ಬೆರಳಿಟ್ಟು ತೋರಿಸಿದಲ್ಲೆಲ್ಲ ಹಾಕಿದ್ದೆ.

ತೆರಿಗೆ ಉಳಿಸಲು ಬಂದು, ಉಳಿಸಿದ್ದಕ್ಕಿಂತ ಹೆಚ್ಚು ತೆರಿಗೆ ಕಟ್ಟುತ್ತಿದ್ದೇನೆ.

ಕೊಳ್ಳುವ ಮುನ್ನ ಒಟ್ಟು ದರವನ್ನು ಲಿಖಿತವಾಗಿ ಪಡೆದು ಮನೆಯ ಪೂರ್ಣ ಬೆಲೆಗೆ ನೀವೇ ಗುಣಿಸಿ ನೋಡಿ, 'ಮಡ್' ನೋಟಿಸನ್ನು ಮನೆಗೆ ತಂದು ಓದಿ, ತೆರಿಗೆಗಾಗಿ ಮನೆಗೆ ಕಟ್ಟಿದ ಮೌಲ್ಯ ಹೆಚ್ಚೆನಿಸಿದರೆ ಮೇ 15ರ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ. ನಮ್ಮ ಭಾಷೆಯವರೆಂಬ ಒಂದೇ ಕಾರಣಕ್ಕೆ ಯಾರ ಲೆಕ್ಕವನ್ನೂ ಒಪ್ಪಬೇಡಿ. ಯುಗಾದಿಯ ದಿನ ಅದೇ ಏಜೆಂಟರಿಂದ ಬೇವು-ಬೆಲ್ಲದ ಚಿತ್ರದೊಂದಿಗೆ ಶುಭಾಶಯ ಬಂದಿತ್ತು. ಅದರ ಕೆಳಗೆ ಪಕ್ಕದ ಹೊಸ ಬಡಾವಣೆಯ ಜಾಹೀರಾತಿತ್ತು.