ಪಿಕ್ಸೆಲ್‌ನಲ್ಲಿ ಆಂಡ್ರಾಯ್ಡ್ ಬೀಟಾ: ಸೇರುವ ಮೊದಲೇ ಹೊರಬರುವ ದಾರಿ ತಿಳಿದಿರಲಿ

ಗೂಗಲ್‌ನ ಆಂಡ್ರಾಯ್ಡ್ ಬೀಟಾಗೆ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಗೆ, ಸೇರುವುದು ಬಹಳ ಸುಲಭ. ಪಿಕ್ಸೆಲ್ ಫೋನಿನಲ್ಲಿರುವ ಗೂಗಲ್ ಖಾತೆಯಿಂದಲೇ ಬೀಟಾ ತಾಣಕ್ಕೆ ಲಾಗಿನ್ ಆಗಿ ಫೋನನ್ನು ನೋಂದಾಯಿಸಿದರೆ ಆಯಿತು, ಮಾಮೂಲಿ ಸಿಸ್ಟಂ ಅಪ್‌ಡೇಟ್‌ ಥರವೇ ಬರುತ್ತದೆ. ಡೇಟಾ ಅಳಿಯುವುದಿಲ್ಲ. ತೊಡಕೆಲ್ಲ ಇರುವುದು ಹೊರಬರುವಾಗ.

ಬೀಟಾದ ನಡುವೆ ಬಿಟ್ಟರೆ ಹಳೆಯ ಆವೃತ್ತಿಗೆ ಮರಳಿಸುವ ಅಪ್‌ಡೇಟ್ ಬರುತ್ತದೆ. ಅದನ್ನು ಹಾಕಿಕೊಂಡರೆ ಫೋನ್ ಪೂರ್ತಿ ಖಾಲಿ. ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆದುಕೊಳ್ಳದೆಯೂ ಹೋಗಬಹುದು. ಸಿಸ್ಟಂಗೆ ಫೋನಿನಲ್ಲಿ ಎರಡು ಸ್ಲಾಟ್ (ಎರಡು ಪ್ರತಿಗಳಿಗೆ ಜಾಗ) ಇವೆ, ಹಳೆಯದು ಅಲ್ಲೇ ಇರುತ್ತದೆ ಎಂಬ ನಂಬಿಕೆ ಬೇಡ. ಆ ಸ್ಲಾಟ್ ಹೊಸ ಆವೃತ್ತಿ ಬೂಟ್ ಆಗದಿದ್ದಾಗ ಹಿಂದಕ್ಕೆ ಬರಲು ಇರುವುದು, ತಿಂಗಳು ಬಳಸಿದ ಮೇಲೆ ಮನಸ್ಸು ಬದಲಾಯಿಸಲು ಅಲ್ಲ.

ಡೇಟಾ ಉಳಿಸಿಕೊಂಡು ಹೊರಬರಬೇಕೆಂದರೆ ಸ್ಟೇಬಲ್ ಆವೃತ್ತಿಗೆ, ಅಂದರೆ ಎಲ್ಲರಿಗೂ ಬಿಡುಗಡೆಯಾಗುವ ಅಂತಿಮ ಆವೃತ್ತಿಗೆ, ಕಾಯಬೇಕು. ಅದನ್ನು ಹಾಕಿಕೊಂಡು, ಮುಂದಿನ ಬೀಟಾ ಇನ್‌ಸ್ಟಾಲ್ ಆಗುವ ಮೊದಲೇ ನೋಂದಣಿ ರದ್ದು ಮಾಡಬೇಕು. ಎಡವುವುದೂ ಇಲ್ಲೇ. ಆಂಡ್ರಾಯ್ಡ್ 16 ಸ್ಟೇಬಲ್ ಬಂದದ್ದು 2025ರ ಜೂನ್ 10ರಂದು. ಆದರೆ ಅದರ ಮುಂದಿನ ತ್ರೈಮಾಸಿಕ ಅಪ್‌ಡೇಟಿನ ಬೀಟಾ ಮೇ ತಿಂಗಳಲ್ಲೇ ಬಂದಿತ್ತು. ಅದನ್ನು ಹಾಕಿಕೊಂಡವರು ಜೂನ್‌ನ ಸ್ಟೇಬಲ್‌ಗಿಂತ ಮುಂದೆ ಹೋಗಿಬಿಟ್ಟಿದ್ದರು. ಡೇಟಾ ಕಳೆದುಕೊಳ್ಳದೆ ಬಿಡಲು ಆ ತ್ರೈಮಾಸಿಕ ಅಪ್‌ಡೇಟಿನ ಸ್ಟೇಬಲ್ ಬಂದ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಹಾಗಾಗಿ ಪ್ರತಿ ಅಪ್‌ಡೇಟ್ ಒತ್ತುವ ಮೊದಲು ಅದು ಯಾವ ಆವೃತ್ತಿಯ ಬೀಟಾ ಎಂದು ಓದಿಕೊಳ್ಳಿ.

ದಿನಬಳಕೆಗೆ? ಇರುವುದೊಂದೇ ಫೋನ್ ಆದರೆ ಬೇಡ ಎನ್ನುತ್ತೇನೆ. ಮೊದಲ ಬೀಟಾಗಳಲ್ಲಿ ಬ್ಲೂಟೂತ್, ಕ್ಯಾಮೆರಾ, ಬ್ಯಾಟರಿ ಯಾವುದು ಬೇಕಾದರೂ ಕೈಕೊಡಬಹುದು. ‘ಪ್ಲಾಟ್‌ಫಾರ್ಮ್ ಸ್ಟೆಬಿಲಿಟಿ’ (ಆ್ಯಪ್ ತಯಾರಕರು ಬಳಸುವ ಸೌಲಭ್ಯಗಳು ಇನ್ನು ಬದಲಾಗವು ಎಂಬ) ಹಂತ ದಾಟಿದ ಮೇಲೆ ಸೇರಿದರೆ ಪಾಡು ಎಷ್ಟೋ ಕಡಿಮೆ. ಅಪ್‌ಡೇಟ್ ಆದ ಮೊದಲೆರಡು ದಿನ ಬ್ಯಾಟರಿ ಬೇಗ ಇಳಿದರೆ ಅದನ್ನು ಬಗ್ ಎಂದು ಬರೆಯಬೇಡಿ. ಆಗ ಸಿಸ್ಟಂ ಆ್ಯಪ್‌ಗಳನ್ನೆಲ್ಲ ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ.

ಬಗ್ ರಿಪೋರ್ಟ್ ಸರಿಯಾಗಿ ಕಳಿಸಿದರೆ ಮಾತ್ರ ಈ ಪರೀಕ್ಷೆಗೆ ಅರ್ಥ. ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಶನ್ಸ್ ತೆರೆಯುತ್ತದೆ, ಅಲ್ಲಿ ‘ಬಗ್ ರಿಪೋರ್ಟ್’ ಇದೆ. ತೊಂದರೆ ಕಂಡ ಕೂಡಲೇ ತೆಗೆಯಿರಿ. ಲಾಗ್‌ಗೆ (ಫೋನ್ ತಾನೇ ಬರೆದುಕೊಳ್ಳುವ ದಿನಚರಿಗೆ) ಮೀಸಲಾದ ಜಾಗ ಸಣ್ಣದು, ತುಂಬಿದ ಹಾಗೆ ಹಳೆಯ ಸಾಲುಗಳು ಅಳಿಯುತ್ತವೆ. ಸಂಜೆ ತೆಗೆದ ರಿಪೋರ್ಟಿನಲ್ಲಿ ಬೆಳಗಿನ ಕ್ರ್ಯಾಶ್‌ನ ಸುಳಿವೇ ಇಲ್ಲದಿರಬಹುದು. ಡೆವಲಪರ್ ಆಪ್ಶನ್ಸ್‌ನಲ್ಲೇ ಈ ಜಾಗವನ್ನು (ಲಾಗರ್ ಬಫರ್) 4 ಎಂಬಿಗೆ ಏರಿಸಿಕೊಂಡರೆ ಒಳ್ಳೆಯದು. ಬಗ್ ರಿಪೋರ್ಟಿನ ಜಿಪ್ ಫೈಲಿನಲ್ಲಿ ನಿಮ್ಮ ಖಾಸಗಿ ವಿವರಗಳೂ ಸೇರಿರಬಹುದು, ಗುಂಪುಗಳಲ್ಲಿ ಹಂಚಬೇಡಿ. ಡೆವಲಪರ್ ಆಪ್ಶನ್ಸ್ ಆನ್ ಇದ್ದರೆ ತೆರೆಯದ ಬ್ಯಾಂಕ್ ಆ್ಯಪ್‌ಗಳಿವೆ. ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಕನ್ನಡ ಓದುವವರೇ ಗಮನಿಸಬೇಕಾದ ತಪ್ಪುಗಳು ಬೇರೆ ಇವೆ. ಫಾಂಟ್ ಗಾತ್ರ ಅತಿ ದೊಡ್ಡದಕ್ಕೆ ಏರಿಸಿ, ‘ರಾಷ್ಟ್ರ’, ‘ದಾರಿದ್ರ್ಯ’, ‘ಸ್ತ್ರೀ’ ಇರುವ ಸಂದೇಶ ಕಳಿಸಿಕೊಂಡು ನೋಟಿಫಿಕೇಶನ್ ನೋಡಿ: ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿದೆಯೇ? ‘ರ‍್ಯಾಲಿ’ ಎಂದು ಟೈಪ್ ಮಾಡಿದ್ದು ಅರ್ಕಾವತ್ತಾಗಿ ‘ರ್ಯಾಲಿ’ ಆಗುತ್ತಿದೆಯೇ? ಆಂಡ್ರಾಯ್ಡ್ ಬೀಟಾ ಫೀಡ್‌ಬ್ಯಾಕ್ ಆ್ಯಪ್‌ನಲ್ಲಿ ಬರೆಯುವಾಗ ಸ್ಕ್ರೀನ್‌ಶಾಟ್ ಒಂದೇ ಸಾಲದು. ಆ ಪದವನ್ನು ಅಕ್ಷರರೂಪದಲ್ಲೂ ಹಾಕಿ, ಸ್ಟೇಬಲ್ ಫೋನಿನಲ್ಲಿ ಅದೇ ಪದ ಕಾಣುವ ಚಿತ್ರವನ್ನೂ ಸೇರಿಸಿ. ಕನ್ನಡ ಬಾರದ ಎಂಜಿನಿಯರ್‌ಗೆ ಯಾವುದು ಸರಿ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಅದೇ ದೂರು ಗೂಗಲ್‌ನ ದೂರುಪಟ್ಟಿಯ ತಾಣವಾದ ಇಶ್ಯೂ ಟ್ರ್ಯಾಕರ್‌ನಲ್ಲಿ ಈಗಾಗಲೇ ಇದ್ದರೆ ಹೊಸದು ತೆರೆಯದೆ ಅದಕ್ಕೇ ಮತ ಹಾಕಿ, ನಿಮ್ಮ ಫೋನಿನ ಮಾದರಿ, ಬಿಲ್ಡ್ ನಂಬರ್ ಸೇರಿಸಿ.